ಕೆಂಪು ಬಟ್ಟೆ ಕಟ್ಟಿದ ಗಡಿಗೆ

ಪುಟ್ಟಮಲ್ಲಮ್ಮ ಬಿದಿರಿನ ತಟ್ಟೆಯೊಂದನ್ನು ಮೊಣಕಾಲಿಗೆ ಆನಿಸಿಕೊಂಡು ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ಗೂಡು ಒಡೆದು ಬಂದ ರೇಷ್ಮೆ ಚಿಟ್ಟೆಗಳು ಉಚ್ಚೆ ಹೊಯ್ದು ಮಾಡಿಟ್ಟ ಕಂದು ಕಲೆ ಸುಮ್ಮನೆ ಬಿಡುವಂಥದ್ದಲ್ಲ. ಉಜ್ಜಬೇಕು, ನೀರು ಹೊಯ್ಯಬೇಕು, ಬಿಸಿಲಿಗೆ ಹಿಡಿದು ನೋಡಬೇಕು, ಮತ್ತೆ ಉಜ್ಜಬೇಕು. ಆಮೇಲೆ ಔಷಧಿಯ ನೀರಿನಲ್ಲಿ ಅದ್ದಿ ಗೋಡೆಗೆ ಒರಗಿಸಬೇಕು. ಚಾಮರಾಜನಗರದ ಗುರುಸಿದ್ದಯ್ಯನವರ ಬಿತ್ತನೆ ಕೋಠಿಯಲ್ಲಿ, ಅಂದರೆ ರೇಷ್ಮೆ ಮೊಟ್ಟೆ ಮಾಡಿ ರೈತರಿಗೆ ಕೊಡುವ ಆ ಉದ್ದನೆಯ ಹೆಂಚಿನ ಮನೆಯಲ್ಲಿ, ಇದು ಅವಳ ನಿತ್ಯದ ಕೆಲಸ. ಅವತ್ತು ಮಾತ್ರ ಕೈ ತಟ್ಟೆಯ ಮೇಲಿತ್ತು, ಕಣ್ಣು ಅಂಗಳದ ಹೊಂಗೆ ಮರದ ನೆರಳಿನ ಮೇಲಿತ್ತು.

ನೆರಳು ಹಿಂದಕ್ಕೆ ಸರಿಯುತ್ತಿತ್ತು. ಅದರ ಅಂಚಿನಲ್ಲಿ, ಬೆತ್ತದ ಬುಟ್ಟಿಯೊಳಗೆ ಹುಲ್ಲು ತುರುಕಿ ಕೂರಿಸಿದ ದೊಡ್ಡ ಗಾಜಿನ ಜಾಡಿ. ಬೆಳಿಗ್ಗೆ ಮೈಸೂರಿನ ರೈಲಿನಲ್ಲಿ ಬಂದು ಗಾಡಿಯಿಂದ ಇಳಿದದ್ದು. ಯಜಮಾನರ ಬಾಯಲ್ಲಿ ಅದು ಫಾರ್ಮಲಿನ್, ಹೆಂಗಸರ ಬಾಯಲ್ಲಿ ಘಾಟು ಔಸ್ದಿ. ಹುಳಕ್ಕೆ ಬರುವ ಗಂಟುರೋಗದ ಬೇರು ಸುಡುವುದು ಅದೊಂದೇ. ಹುಳದ ರೋಗ ಸುಡುವಂಥದ್ದು ಮನುಷ್ಯರ ಕಣ್ಣು ಮೂಗನ್ನು ಬಿಡುತ್ತದೆಯೇ? ಮುಚ್ಚಳ ತೆಗೆದರೆ ಸಾಕು, ಮೂಗಿನೊಳಗೆ ಮೆಣಸಿನಕಾಯಿ ಹಿಂಡಿದ ಹಾಗೆ ಆಗುತ್ತಿತ್ತು.

ಜಾಡಿ ಬಂದಾಗಲೆಲ್ಲ ಪುಟ್ಟಮಲ್ಲಮ್ಮ ಯಾರೂ ಹೇಳದೆಯೇ ಅದನ್ನು ಮರದ ಬುಡಕ್ಕೆ ಎಳೆಸಿ, ಗೋಣಿಚೀಲ ನೆನೆಸಿ ಹೊದಿಸುತ್ತಿದ್ದಳು. ಬಿಸಿಲಿಗೆ ಕಾದ ಜಾಡಿ ಒಳಗೊಳಗೇ ಉಬ್ಬುತ್ತದೆ. ಬಿರಡೆ ಕಿತ್ತರೆ ಹೆಡೆ ಎತ್ತಿದ ಹಾಗೆ ಮುಖಕ್ಕೆ ಚಿಮ್ಮುತ್ತದೆ. ತಣ್ಣಗಾಗಲು ಬಿಡಬೇಕು, ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು, ಮುಖ ಅತ್ತ ತಿರುಗಿಸಿ ಬಿರಡೆಯನ್ನು ಮೆಲ್ಲಗೆ ಸಡಿಲಿಸಬೇಕು, ಕೈಗೆಟುಕುವಲ್ಲಿ ಒಳ್ಳೆಯ ನೀರಿರಬೇಕು. ಯಜಮಾನರು ಇದನ್ನು ಎಲ್ಲರಿಗೂ ಹೇಳಿದ್ದರು. ನಡೆಸುತ್ತಿದ್ದವಳು ಅವಳೊಬ್ಬಳು.

ಗೋಣಿಚೀಲ ಇವತ್ತು ಹಗ್ಗದ ಮೇಲೆ ಒಣಗಿಯೇ ನೇತಾಡುತ್ತಿತ್ತು. ಬಿಸಿಲು ಬುಟ್ಟಿಯ ಬುಡ ಮುಟ್ಟಿತು, ಗಾಜಿನ ಹೊಟ್ಟೆಗೆ ಏರಿತು. ಪುಟ್ಟಮಲ್ಲಮ್ಮ ನೋಡಿದಳು. ಇನ್ನೊಂದು ತಟ್ಟೆ ಎಳೆದುಕೊಂಡಳು.

ಬೆಳಿಗ್ಗೆ ಆದದ್ದು ಇಷ್ಟು. ಕುದೇರಿನಿಂದ ಒಬ್ಬ ಹುಡುಗಿ ಹೊಸದಾಗಿ ಕೆಲಸಕ್ಕೆ ಬಂದಿದ್ದಳು. ಕೋಠಿಯ ಮೇಸ್ತ್ರಿ ಚೆಲುವಯ್ಯ, ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು, ಅವಳಿಗೆ ಬುದ್ಧಿ ಹೇಳುತ್ತಿದ್ದ.

“ಉಸಾರು ಕಣಮ್ಮಿ. ಈ ಔಸ್ದಿ ನೋಡಕ್ಕ ನೀರ್ನಂಗೇ ಅದ. ಗಂಡನ ಮನಗ ಓಗಕ್ಕ ಇಷ್ಟ ಇಲ್ಲ ಅಂತ ಕಣ್ಗ ಗಿಣ್ಗ ಹುಯ್ಕಂಬುಟ್ಟೀಯ. ಇಲ್ಲೊಬ್ಳು ಹುಯ್ಕಂಡು ಕುಂತವ್ಳಲ್ಲ, ಹಂಗ.”

ಹುಡುಗಿ ಅರ್ಥವಾಗದೆ ನಕ್ಕಳು. ಒಳಗಿನ ಕೋಣೆಯ ಬಾಗಿಲು ತೆರೆದೇ ಇತ್ತು. ಅಲ್ಲಿ ಗೂಡಿನ ರಾಶಿಯ ಮುಂದೆ ಸಣ್ಣಮ್ಮ ಕೂತಿದ್ದಳು, ಪುಟ್ಟಮಲ್ಲಮ್ಮನ ತಂಗಿ. ಗೂಡಿನ ಮೇಲಿನ ನೂಲಿನ ಜೊಂಡನ್ನು ಬೆರಳಲ್ಲೇ ತಡವಿ ಬಿಡಿಸುವ ಕೆಲಸ ಅವಳದು. ಅದಕ್ಕೆ ಕಣ್ಣು ಬೇಕಿಲ್ಲ. ಅವಳ ಬೆರಳು ನಿಂತವು. ಆಮೇಲೆ ಮತ್ತೆ ಆಡತೊಡಗಿದವು. ಆ ಬೆರಳು ನಿಂತದ್ದನ್ನು ನೋಡಿದವಳು ಅಕ್ಕ ಒಬ್ಬಳೇ. ಅವಳು ಗೋಣಿಚೀಲಕ್ಕೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು.

ತಂಗಿ ಅನ್ನುವುದು ಹೆಸರಿಗೆ. ತಾಯಿ ಹೆತ್ತು ಕಣ್ಣು ಮುಚ್ಚಿದಾಗ ಆ ಕೂಸನ್ನು ಮಡಿಲಿಗೆ ಹಾಕಿಕೊಂಡವಳು ಪುಟ್ಟಮಲ್ಲಮ್ಮ. ಗಂಡ ಸತ್ತ ಮೇಲೆ ತನಗೆ ಉಳಿದದ್ದು ಅದೊಂದೇ ಎಂದು ಸಾಕಿ, ಗುಂಡ್ಲುಪೇಟೆ ದಾಟಿ ಹಂಗಳದ ನಿಂಗಯ್ಯನಿಗೆ ಕೊಟ್ಟು ಮದುವೆ ಮಾಡಿದ್ದಳು. ಕೆಲವು ವರ್ಷದ ಹಿಂದೆ, ಮದುವೆಯ ಹೊಸತರಲ್ಲಿ ಹುಡುಗಿ ತವರಿಗೆ ಬಂದವಳು, ಗಂಡ ಬಂದು ಕರೆದೊಯ್ಯುವ ತನಕ ಸುಮ್ಮನೆ ಯಾಕೆ ಕೂರಲಿ ಎಂದು ಅಕ್ಕನ ಜೊತೆ ಕೋಠಿಗೆ ಬರುತ್ತಿದ್ದಳು. ಮಾತಿನ ಮಲ್ಲಿ. “ನಾ ಹಂಗಳಕ್ಕ ಓಗಲ್ಲ ಕಣ್ರವ್ವ, ಅಲ್ಲಿ ಆನ ಬಂದು ಹಿತ್ಲಲ್ಲಿ ನಿಂತ್ಕತದ, ನಮ್ಮತ್ತೆಗಿಂತ ಸಣ್ದು ಕಣ್ಬುಡಿ,” ಅಂದು ಎಲ್ಲರನ್ನೂ ನಗಿಸಿದ್ದಳು. ನಕ್ಕವರಲ್ಲಿ ಚೆಲುವಯ್ಯನೂ ಒಬ್ಬ.

ಅದೇ ವಾರ ಔಷಧಿಯ ಜಾಡಿಯೊಂದು ಬಿರುಕು ಬಿಟ್ಟು ಜಿನುಗತೊಡಗಿತು. ಚೆಲುವಯ್ಯ ಗಡಿಬಿಡಿಯಲ್ಲಿ ಔಷಧಿಯನ್ನು ಹಾಗೇ, ನೀರು ಬೆರೆಸದೆ, ಅಂಗಳದಲ್ಲಿ ಸಾಲಾಗಿಟ್ಟಿದ್ದ ನೀರಿನ ಗಡಿಗೆಯೊಂದಕ್ಕೆ ಬಗ್ಗಿಸಿ, ಯಾರಿಗೂ ಹೇಳದೆ ಬೀಡಿ ಸೇದಲು ಹೋದ. ಇಡೀ ದಿನ ಔಷಧಿಯಲ್ಲಿ ತಟ್ಟೆ ಅದ್ದಿದವರಿಗೆ ಮೂಗು ಸತ್ತುಹೋಗಿರುತ್ತದೆ, ಅಂಗಳವೆಲ್ಲ ಒಂದೇ ಘಾಟು. ಸಣ್ಣಮ್ಮ ದಿನದ ಹಾಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೊಗಸೆ ತುಂಬ ಮೊಗೆದು ಮುಖಕ್ಕೆ ಎರಚಿಕೊಂಡಳು.

ಆ ಕೂಗು ಪುಟ್ಟಮಲ್ಲಮ್ಮನ ಕಿವಿಯಿಂದ ಇನ್ನೂ ಹೋಗಿಲ್ಲ. ಬಾವಿ ಅಲ್ಲೇ ಇತ್ತು. ಆದರೆ ಆ ಸೀಮೆಯಲ್ಲಿ ಉರಿಯುವ ಕಣ್ಣಿಗೆ ನೀರು ಸೋಕಿಸುವವರಿಲ್ಲ. “ನೀರ್ ಸೋಕುಸ್ಬ್ಯಾಡಿ, ಉರಿ ಒಳಕ್ಕ ಇಳೀತದ, ಮೊಲೆಹಾಲು ಬುಡಿ, ಹರಳೆಣ್ಣೆ ಬುಡಿ,” ಎಂದು ಚೆಲುವಯ್ಯ ಕೂಗಿದ. ಎಲ್ಲರಿಗೂ ಅದು ಸರಿಯೆಂದೇ ಕಂಡಿತು. ಪುಟ್ಟಮಲ್ಲಮ್ಮ ಬಾಣಂತಿಯೊಬ್ಬಳ ಮನೆ ಹುಡುಕಿ ಓಡಿದಳು. ಹಾಲು ಹಿಂಡಿಸಿ, ಎಣ್ಣೆ ಬಿಟ್ಟು, ಬಟ್ಟೆ ಕಟ್ಟಿದರು. ಮಾರನೆಯ ದಿನ ಮೈಸೂರಿನಲ್ಲಿ ಡಾಕ್ಟರು ಬಟ್ಟೆ ಬಿಚ್ಚಿ ನೋಡಿ ಕೇಳಿದ್ದು ಒಂದೇ ಮಾತು: “ಆಗಲೇ ನೀರು ಯಾಕಮ್ಮ ಹೊಯ್ಯಲಿಲ್ಲ? ಕೊಡಗಟ್ಟಲೆ ಹೊಯ್ಯಬೇಕಿತ್ತು.”

ಇಷ್ಟಾದರೂ ಅವಳು ಹಣೆಬರಹವೆಂದು ನುಂಗಿಕೊಳ್ಳುತ್ತಿದ್ದಳೋ ಏನೋ. ನುಂಗಲಾಗದ್ದು ಆಮೇಲಿನದು. ಯಜಮಾನರು ಕೇಳಿದಾಗ ಚೆಲುವಯ್ಯ ಗಡಿಗೆಯ ಮಾತೇ ಎತ್ತಲಿಲ್ಲ. ಬರಿದಾದ ಒಡಕು ಜಾಡಿ ನೋಡಿ ಪುಟ್ಟಮಲ್ಲಮ್ಮ ಊಹಿಸಿದ್ದಳು, ಆದರೆ ಕಣ್ಣಾರೆ ಕಂಡವರಿರಲಿಲ್ಲ. ನಿಂಗಯ್ಯ ಹೆಂಡತಿಯನ್ನು ನೋಡಲು ಬಂದಾಗ ಅವನನ್ನು ಪಕ್ಕಕ್ಕೆ ಕರೆದು, “ನಿನ್ ಮನಗ ಬರಕ್ಕ ಒಪ್ದೆ ತಾನೇ ಹುಯ್ಕಂಡ್ಳು ಕಣಪ್ಪ, ಓಗಲ್ಲ ಓಗಲ್ಲ ಅಂತ ಎಲ್ರ ಮುಂದ್ಲೂ ಅಂದವ್ಳ, ಕೇಳ್ನೋಡು,” ಅಂದ. ನಿಂಗಯ್ಯ ಕೇಳಿ ನೋಡಿದ. ಹೌದು, ಅಂದಿದ್ದಳು ಎಂದರು ಹೆಂಗಸರು. ಆನೆಯ ಮಾತು, ನಗೆಯ ಮಾತು ಯಾರಿಗೂ ನೆನಪಾಗಲಿಲ್ಲ. ನಿಂಗಯ್ಯ ಬಂದ ಬಸ್ಸಿನಲ್ಲೇ ಗುಂಡ್ಲುಪೇಟೆಗೆ ಹಿಂದಿರುಗಿದ. ಮತ್ತೆ ಬರಲಿಲ್ಲ.

ಪುಟ್ಟಮಲ್ಲಮ್ಮ ದೀಪ ಹಚ್ಚಿದ ಮೇಲೆ ನಡೆಯುವ ವಯಸ್ಕರ ಶಾಲೆಗೆ ಸೇರಿ ಅಕ್ಷರ ಕಲಿತದ್ದೇ ಆ ನಿಂಗಯ್ಯನಿಗೆ ಕಾಗದ ಬರೆಯಲು. ಬರೆದಳು. ಗಡಿಗೆಯ ವಿಷಯ ಬರೆದು, ಕೊನೆಯಲ್ಲಿ “ಬಂದು ಕರೆದುಕೊಂಡು ಹೋಗಿ” ಎಂದು ಸೇರಿಸಿದಳು. ಓದಿ ಹೇಳಿದಾಗ ಸಣ್ಣಮ್ಮ ಬೇಡವೆಂದಳು.

“ಈಗ ಕಳಿಸುದ್ರ ಬೇಡ್ಕಂಡಂಗಾಯ್ತದ ಅಕ್ಕ. ಸುಳ್ ಯೋಳ್ದವ್ನ ಬಾಯಿಂದ್ಲೇ ನಿಜ ಬರ್ಲಿ. ಅವತ್ತು ಕಳ್ಸು.”

ಲಕೋಟೆ ಮಾದಪ್ಪನ ಪಟದ ಹಿಂದೆ ಕೂತಿತು. ಪುಟ್ಟಮಲ್ಲಮ್ಮ ಕೋಠಿಯನ್ನು ಬಿಡಲಿಲ್ಲ. ಎಲ್ಲರೂ ಅವಳ ತಾಳ್ಮೆಯನ್ನು ಹೊಗಳಿದರು. ಅವಳು ದಿನಾ ಬಂದು ಚೆಲುವಯ್ಯನ ಮುಖ ನೋಡುತ್ತಿದ್ದಳು. ಅವನು ಜಾಡಿಯನ್ನು ಮೊಣಕಾಲ ನಡುವೆ ಇರುಕಿ, ಮುಖ ಬಗ್ಗಿಸಿ, ಬಿರಡೆಯನ್ನು ಒಂದೇ ಎಳೆತಕ್ಕೆ ಕೀಳುವುದನ್ನು ನೋಡುತ್ತಿದ್ದಳು. ನೋಡಿ, ಜಾಡಿಗೆ ಒದ್ದೆ ಗೋಣಿ ಹೊದಿಸುತ್ತಿದ್ದಳು. ತನ್ನ ಕೈಯಾರೆ ಅವನ ಕಣ್ಣು ಕಾಯುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ಕಾಯುವುದನ್ನು ಯಾವತ್ತು ನಿಲ್ಲಿಸುತ್ತೇನೆಂದು ಗೊತ್ತಿರಲಿಲ್ಲ.

ಔಷಧಿಯ ಗಡಿಗೆಗಳ ಕೊರಳಿಗೆ ಕೆಂಪು ಬಟ್ಟೆ ಕಟ್ಟುವ ರೂಢಿಯನ್ನೂ ಅವಳೇ ತಂದಳು, ಹಳೆಯ ಸೀರೆ ಹರಿದು. ಮೊನ್ನೆ ಚೆಲುವಯ್ಯ ಅವನ್ನೆಲ್ಲ ಕಿತ್ತು ಒಲೆಗೆ ಹಾಕಿದ್ದ. “ಇದ್ಯಾನಮ್ಮಿ, ಮಾರಿ ಹಬ್ಬವಾ? ರಾಜ್ಯ ಒಂದಾಗಿ ದೊಡ್ಡ ಮೈಸೂರಾಗದ, ನೀವಿನ್ನೂ ಗಡಿಗ್ಗ ಚಿಂದಿ ಕಟ್ತಾ ಕುಂತಿದ್ದೀರಿ!”

ಬಿಸಿಲು ನೆತ್ತಿಗೆ ಬಂತು. ರಾಜ್ಯ ಒಂದಾದ ಮೇಲಿನ ಮೊದಲ ಬೇಸಿಗೆ. ಹೆಂಚೂ ಸಿಡಿಯುವಂಥ ಬಿಸಿಲು. ಚೆಲುವಯ್ಯ ತಲೆಯ ಟವಲು ಬಿಚ್ಚಿ ಸೊಂಟಕ್ಕೆ ಸುತ್ತಿಕೊಳ್ಳುತ್ತ ಅಂಗಳಕ್ಕೆ ಬಂದ.

“ಯಾನ ಪುಟ್ಟಮಲ್ಲಿ, ಇವತ್ತು ನಿನ್ ಜಾಡಿಗ ಕಂಬ್ಳಿ ಹೊದ್ಸಿಲ್ವಾ? ಚಳಿ ಆಗ್ನಿಲ್ವ ಅದ್ಕ?”

ಅವಳ ಪಕ್ಕದಲ್ಲಿ ತಟ್ಟೆ ತೊಳೆಯುತ್ತಿದ್ದ ಬಸವಮ್ಮ ತಲೆ ಎತ್ತಿದಳು. “ಮೇಸ್ತ್ರಣ್ಣ, ಕಾದ್ಬುಟ್ಟದ ಕಣ. ಬುಡು, ತಣ್ಣಗಾಗ್ಲಿ.”

“ಕಾದ್ರ ಯಾನ, ಕಾಪಿ ಅಂತ ಕುಡಿಯಕ್ಕಾ?” ಎಂದು ಅವನು ಜಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

ಪುಟ್ಟಮಲ್ಲಮ್ಮನ ನಾಲಿಗೆ ಬಾಯಲ್ಲೇ ಇತ್ತು. ಅವಳು ಅದನ್ನು ಅಲ್ಲೇ ಇಟ್ಟುಕೊಂಡಳು.

ಬಿರಡೆ ‘ಟಪ್’ ಎಂದಿತು. ಅದರ ಹಿಂದೆಯೇ ಬುಸ್ಸೆಂದು ಚಿಮ್ಮಿದ್ದು ಅವನ ಗಲ್ಲ, ಮೂಗು, ಕಣ್ಣು ಎಲ್ಲವನ್ನೂ ತೋಯಿಸಿತು. ಚೆಲುವಯ್ಯ ಹಿಂದಕ್ಕೆ ಬಿದ್ದ, ಎದ್ದ, ಎರಡೂ ಅಂಗೈಯಲ್ಲಿ ಮುಖ ಹಿಡಿದು ಅಂಗಳವೆಲ್ಲ ಸುತ್ತಿದ.

“ಅಯ್ಯಯ್ಯೋ, ಉರೀತದಲ್ಲೋ! ನೀರು! ನೀರು ಕೊಡ್ರಮ್ಮಿ!”

ನೀರು ಅಂದ! ಹಾಲು ಅನ್ನಲಿಲ್ಲ, ಹರಳೆಣ್ಣೆ ಅನ್ನಲಿಲ್ಲ. ಡಾಕ್ಟರ ಮಾತು ಅವನ ಕಿವಿಗೂ ಬಿದ್ದಿತ್ತಲ್ಲ. ಬಸವಮ್ಮ ಧಡಕ್ಕನೆ ಎದ್ದಳು. ಪುಟ್ಟಮಲ್ಲಮ್ಮ ಅವಳ ಮಣಿಕಟ್ಟು ಹಿಡಿದಳು. ಆ ಹಿಡಿತ ಹೇಗಿತ್ತೆಂದರೆ ಬಸವಮ್ಮ ಹಾಗೇ ಕೂತುಬಿಟ್ಟಳು.

ಚೆಲುವಯ್ಯ ತಡವರಿಸುತ್ತ ಗಡಿಗೆಯ ಸಾಲಿಗೆ ಬಂದ. ಒಂದರೊಳಗೆ ಕೈ ಇಳಿಸಿದ, ಬೊಗಸೆ ತುಂಬಿದ, ಮುಖದ ತನಕ ಎತ್ತಿದ. ಅಲ್ಲಿ ಕೈ ನಿಂತಿತು. ಬೆರಳ ಸಂದಿಯಿಂದ ಎಲ್ಲ ಸೋರಿಹೋಯಿತು. ಅವನು ಗಡಿಗೆಯ ಕೊರಳನ್ನು ಸುತ್ತಲೂ ಸವರಿದ, ಪಕ್ಕದ್ದರ ಕೊರಳನ್ನೂ ಸವರಿದ.

“ಬಟ್ಟೆ ಎಲ್ಲಿ? ಕೆಂಪು ಬಟ್ಟೆ ಎಲ್ರಮ್ಮಿ?”

“ನೀನೇ ಕಿತ್ತು ವಲಗ ಹಾಕ್ದಲ್ಲ ಮೇಸ್ತ್ರಣ್ಣ,” ಅಂದಳು ಪುಟ್ಟಮಲ್ಲಮ್ಮ.

“ಇದ್ಯಾವ್ದು? ನೀರಾ, ಔಸ್ದಿನಾ? ಯೋಳಮ್ಮಿ, ನಿನ್ ಕಾಲಿಗ್ ಬೀಳ್ತಿನಿ!”

“ನಂಗ್ಯಾನ ಗೊತ್ತು? ಅವತ್ತು ನಮ್ ಸಣ್ಣಮ್ಮನ್ಗೂ ಗೊತ್ತಿರ್ನಿಲ್ಲ.”

ಕೂಗು ಕೇಳಿ ಗುರುಸಿದ್ದಯ್ಯನವರು ಒಳಗಿನಿಂದ ಬಂದವರು ಬಾಗಿಲಲ್ಲೇ ನಿಂತರು.

“ನೀರ್ನ ಗಡಿಗ್ಗ ಔಸ್ದಿ ಹುಯ್ದವ್ರು ಯಾರು? ಅದ್ನ ಯೋಳು. ನಾನು ಇದ್ನ ಯೋಳ್ತಿನಿ,” ಅಂದಳು ಪುಟ್ಟಮಲ್ಲಮ್ಮ.

“ನಾನೇ! ನಾನೇ ಕಣಮ್ಮಿ! ಜಾಡಿ ಸೋರ್ತಿತ್ತು, ಹುಯ್ದೆ, ಯೋಳದ್ ಮರ್ತೆ!”

“ನಿಂಗಯ್ಯನ್ಗ ಯಾನಂದೆ?”

“ಸುಳ್ ಅಂದೆ! ಅವ್ಳು ಹುಯ್ಕಂಡಿಲ್ಲ, ಸುಳ್ ಅಂದೆ! ಯಜಮಾನ್ರು ಓಡಿಸ್ಬುಡ್ತಾರ ಅಂತ ಅಂದೆ!”

ಬಂತು ಬಾಯಿಂದ. ಎಷ್ಟು ಸುಲಭವಾಗಿ ಬಂತು! ಇದಕ್ಕಾಗಿ ಇಷ್ಟು ಕಾಲ ಹಲ್ಲು ಕಚ್ಚಿ ಕಾದದ್ದು, ಇಷ್ಟು ಸಣ್ಣ ಮಾತಿಗೆ. ಪುಟ್ಟಮಲ್ಲಮ್ಮ ಬಸವಮ್ಮನ ಕೈ ಬಿಟ್ಟಳು.

“ನಿನ್ ಮುಂದ ಇರದು ನೀರೇ. ತೊಳ್ಕ.”

ಚೆಲುವಯ್ಯ ಗಡಿಗೆಗೆ ಕೈ ಹಾಕಲಿಲ್ಲ. ಅದರಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದ.

“ಸುಳ್ಳು! ನನ್ ಕಣ್ ತಗೀಬೇಕು ಅಂತ ಯೋಳ್ತಿದ್ದೀಯ!”

“ನೀರೇ ಕಣ ಮೇಸ್ತ್ರಣ್ಣ, ಬೆಳಿಗ್ಗ ನಾನೇ ಸೇದಿ ತುಂಬಿವ್ನಿ,” ಎಂದು ಬಸವಮ್ಮ ಅತ್ತಳು.

“ನೀವೆಲ್ಲ ಒಂದೇ! ಎಲ್ರೂ ಒಂದೇ!”

ಯಜಮಾನರು ಕೂಗಿದರು. ಹೊಸ ಹುಡುಗಿ ಕೂಗಿದಳು. ಅವನು ಯಾರನ್ನೂ ನಂಬಲಿಲ್ಲ. ಕಣ್ಣು ಹಿಡಿದುಕೊಂಡು ನೀರಿನ ಮುಂದೆಯೇ ನಿಂತು ಉರಿಯುತ್ತಿದ್ದ. ಪುಟ್ಟಮಲ್ಲಮ್ಮ ನೋಡುತ್ತ ನಿಂತಳು. ಇನ್ನು ತಾನು ಏನೂ ಮಾಡಬೇಕಿಲ್ಲ, ಅವನ ಅಪನಂಬಿಕೆಯೇ ಉಳಿದದ್ದನ್ನು ಮಾಡುತ್ತದೆ ಎಂದು ಅವಳಿಗೆ ಕಂಡಿತು. ಎದೆಯೊಳಗೆ ತಣ್ಣಗಾಯಿತು.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಗೋಡೆ ಹಿಡಿದುಕೊಂಡು ಸಣ್ಣಮ್ಮ ಬಂದಳು. ಗೂಡಿನ ಜೊಂಡು ಅವಳ ಸೀರೆಗೆಲ್ಲ ಅಂಟಿತ್ತು. ಕೂಗು ಬಂದ ಕಡೆಗೆ ನಡೆದು, ಕಾಲಿಗೆ ತಾಕಿದ ಗಡಿಗೆಗೆ ಬಗ್ಗಿ ಮೂಗು ಹಿಡಿದಳು. ಔಷಧಿ ಮುಟ್ಟದೆ ಒಳಗೆ ಕೂರುವವಳ ಮೂಗು ಜೀವಂತವಾಗಿತ್ತು. ಆಮೇಲೆ ಕೈ ಅದ್ದಿ ತುಟಿಗೆ ಮುಟ್ಟಿಸಿಕೊಂಡಳು.

“ನೀರು.”

ಚೆಲುವಯ್ಯ ಆ ದನಿಗೆ ಬೆಚ್ಚಿದ. “ಸಣ್ಣಮ್ಮ... ನೀನಾ...”

“ಅಕ್ಕ, ಇವ್ನ ತಲ ಹಿಡ್ಕ.”

ಪುಟ್ಟಮಲ್ಲಮ್ಮ ಅಲ್ಲಾಡಲಿಲ್ಲ.

“ಹಿಡ್ಕ ಅಂದ್ನಲ್ಲ ಅಕ್ಕ!”

ಆ ಹುಡುಗಿಯನ್ನು ಸಾಕಿದ ಕೈಗೆ ಆ ಮಾತು ಮೀರಲಾಗಲಿಲ್ಲ. ಹೋಗಿ ಚೆಲುವಯ್ಯನ ಕೂದಲು ಹಿಡಿದು ಮುಖವನ್ನು ಮೇಲಕ್ಕೆತ್ತಿದಳು. ಮೆತ್ತಗೆ ಏನೂ ಹಿಡಿಯಲಿಲ್ಲ. ಸಣ್ಣಮ್ಮ ಅವನ ಮುಖ ತಡವಿ, ಹೆಬ್ಬೆರಳಿನಿಂದ ರೆಪ್ಪೆ ಬಿಡಿಸಿ, ಮೊಗೆ ಮೊಗೆದು ಹೊಯ್ದಳು. ಅವನು ಬಾಣಲೆಗೆ ಬಿದ್ದವನ ಹಾಗೆ ಒದ್ದಾಡಿದ.

“ಕಣ್ ಮುಚ್ಬ್ಯಾಡ. ಬುಡು ಅಂದ್ರ ಬುಡು. ಬಸವಕ್ಕ, ಇನ್ನೂ ತತ್ತಾ. ಬಾವಿ ಬತ್ತೋಗಂಗಂಟ ತತ್ತಾ.”

“ಸಾಕು ಕಣವ್ವ, ಸಾಕು, ನಿನ್ ದಮ್ಮಯ್ಯ...”

“ಸಾಕಾ? ನಿನ್ ಕಣ್ ಉಳೀಬೇಕು ಕಣೋ. ಉಳೀದಿದ್ರ ನಿಂಗೂ ನಂಗೂ ಸಮ ಆಗೋಯ್ತದ. ಉಳ್ಕಂಡು ದಿನಾ ಬೆಳಿಗ್ಗ ಎದ್ದು ಬಂದು ನನ್ ಮಖ ನೋಡ್ಬೇಕು ನೀನು. ಸಾಯಗಂಟ ನೋಡ್ಬೇಕು.”

ಸೇದಿದರು, ಹೊಯ್ದರು, ಸೇದಿದರು. ಅಂಗಳವೆಲ್ಲ ಕೆಸರಾಯಿತು. ಯಜಮಾನರು ಅವನನ್ನು ರೈಲಿಗೆ ಹತ್ತಿಸಿ ತಾವೇ ಮೈಸೂರಿನ ಆಸ್ಪತ್ರೆಗೆ ಕರೆದೊಯ್ದರು. ಬಲಗಣ್ಣು ಸರಿಯಾಯಿತು. ಎಡಗಣ್ಣಿನ ಮೇಲೆ ಅನ್ನದ ಗಂಜಿಯಂಥ ತೆಳುವಾದ ಪೊರೆ ನಿಂತಿತು. ನೀರು ಹೊಯ್ದ ಕೈ ಯಾರದೋ ಅವರಿಂದ ಉಳಿಯಿತು ಎಂದರಂತೆ ಅಲ್ಲಿನ ಡಾಕ್ಟರು. ಅದು ಯಾರ ಕೈ ಎಂದು ಚೆಲುವಯ್ಯ ಹೇಳಲಿಲ್ಲ.

ಅವನು ಹಿಂದಿರುಗಿದ ಮೇಲೆ ಗುರುಸಿದ್ದಯ್ಯನವರು, “ನಾಳೆಯಿಂದ ಬರಬೇಡ,” ಎಂದರು. ಒಳಗಿನ ಕೋಣೆಯಿಂದ ಸಣ್ಣಮ್ಮ, “ಇರ್ಲಿ ಯಜಮಾನ್ರೆ. ಇಲ್ಲೇ ಇರ್ಲಿ. ಅಂಗಳದ್ ಗಡಿಗ್ಗೆಲ್ಲ ಇನ್ ಮ್ಯಾಲ ಅವ್ನೇ ನೀರು ಸೇದ್ಲಿ, ಔಸ್ದಿ ಗಡಿಗ್ಗ ಅವ್ನೇ ಕೆಂಪು ಬಟ್ಟೆ ಕಟ್ಲಿ,” ಎಂದಳು. ಯಜಮಾನರು ಅಂದಿನ ತಮ್ಮ ಅರೆಬರೆ ವಿಚಾರಣೆಯನ್ನು ನೆನೆದರೋ ಏನೋ, ತಲೆ ತಗ್ಗಿಸಿ ಒಪ್ಪಿದರು.

ಪುಟ್ಟಮಲ್ಲಮ್ಮ ಮಾದಪ್ಪನ ಪಟದ ಹಿಂದಿನ ಲಕೋಟೆ ತಂದಳು. ಅದರ ಅಂಚು ಹೊಗೆ ಹಿಡಿದು ಕಂದಿತ್ತು. ಕೋಠಿಯ ಜಗುಲಿಯ ಮೇಲೆ ಕೂತು, ಚೆಲುವಯ್ಯನನ್ನು ಮುಂದೆ ನಿಲ್ಲಿಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಎಲ್ಲರಿಗೂ ಕೇಳುವಂತೆ ಓದಿದಳು. ಗಡಿಗೆಯ ಹೆಸರು ಬಂದಾಗ ಅವನು ಮುಖ ತಿರುಗಿಸಿದ.

“ಇತ್ತಗ ನೋಡೋ. ಕಣ್ ಅದಲ್ಲ ನಿಂಗ.”

ಕೆಳಗೆ ಅವನ ಹೆಬ್ಬೆಟ್ಟು ಒತ್ತಿಸಿದಳು. ಯಜಮಾನರು ರುಜು ಹಾಕಿದರು. ಇನ್ನು ಮಡಿಸಬೇಕು, ಅಷ್ಟರಲ್ಲಿ ಸಣ್ಣಮ್ಮ ಕೈ ಅಡ್ಡ ಹಿಡಿದಳು.

“ಕಡೇಲಿ ಬಂದು ಕರ್ಕಂಡೋಗಿ ಅಂತ ಬರ್ದಿದ್ಯಲ್ಲ, ಅದ್ನ ಹೊಡೀ ಅಕ್ಕ.”

“ಯಾಕಮ್ಮಿ? ಈಗ ಬತ್ತನ ಕಣ. ನಿಜ ಗೊತ್ತಾದ್ ಮ್ಯಾಲ ಬರ್ದೆ ಇದ್ದನಾ?”

“ಬತ್ತನ ಅಂತ್ಲೇ ಯೋಳ್ತಿರದು. ಒಂದ್ಸಲ ನನ್ನ ಕೇಳ್ನಿಲ್ವಲ್ಲ ಅವ್ನು. ಊರ್ನೆಲ್ಲ ಕೇಳ್ದ, ನನ್ನೊಬ್ಳ್ನ ಬುಟ್ಟು. ಬರ್ಬ್ಯಾಡ ಅಂತ ಬರಿ. ಗೊತ್ತಾಗ್ಲಿ ಅವ್ನ್ಗ, ಗೊತ್ತಾಗಿ ಹಂಗಳದಲ್ಲೇ ಕುಂತಿರ್ಲಿ.”

ಪುಟ್ಟಮಲ್ಲಮ್ಮ ಆ ಸಾಲಿನ ಮೇಲೆ ಗೀಟು ಎಳೆದಳು. ಗೀಟಿನ ಕೆಳಗೆ, ದೀರ್ಘ ತಪ್ಪದಂತೆ ನೋಡಿಕೊಂಡು, “ಬರಬೇಡಿ” ಎಂದು ಬರೆದಳು.

ಸಂಜೆ ಅಕ್ಕ ತಂಗಿ ಇಬ್ಬರೂ ಕೈ ಹಿಡಿದು ರೈಲು ನಿಲ್ದಾಣದ ದಾರಿ ಹಿಡಿದರು. ಅಂಚೆ ಡಬ್ಬ ಇದ್ದದ್ದು ಅಲ್ಲಿ. ಅರಿಸಿನದ ಮೂಟೆ ಹೇರಿದ ಗಾಡಿಯೊಂದು ಪಕ್ಕದಲ್ಲಿ ದಾಟಿ ಹೋಯಿತು. ಧೂಳು ಇಳಿದ ಮೇಲೆ ಸಣ್ಣಮ್ಮ ಕೇಳಿದಳು.

“ಅವತ್ತು ಜಾಡಿಗ ಗೋಣಿ ಹೊದ್ಸಿರ್ನಿಲ್ವಂತ ಅಕ್ಕ. ಬಸವಕ್ಕ ಅಂದ್ಳು.”

“ಇಲ್ಲ.”

“ಮರ್ತಿದ್ಯಾ?”

“ಇಲ್ಲ ಕಣ.”

ಸಣ್ಣಮ್ಮ ಅಕ್ಕನ ಕೈ ಬಿಡಲಿಲ್ಲ.

“ನಾಳಿಂದ ಹೊದ್ಸು,” ಅಂದಳು. “ಅವನ್ದೊಂದ್ ಕಣ್ ನಂಗ ಬೇಕು.”

ಅಂಚೆ ಡಬ್ಬದ ಮುಂದೆ ಪುಟ್ಟಮಲ್ಲಮ್ಮ ಲಕೋಟೆಯನ್ನು ತಂಗಿಯ ಕೈಗೆ ಕೊಟ್ಟಳು. ಸಣ್ಣಮ್ಮ ಡಬ್ಬದ ಮೈಯನ್ನು ಗೂಡು ತಡವುವ ಹಾಗೆ ತಡವಿದಳು, ಬಾಯಿ ಸಿಕ್ಕಿತು. ಲಕೋಟೆಯ ತುದಿಯನ್ನು ಅದರೊಳಗೆ ಇಟ್ಟು, ಕ್ಷಣ ಹಿಡಿದಿದ್ದು, ಬಿಟ್ಟಳು.